ಬಾಡಿಗೆ ಮನೆಯ ಲಿಸ್ಪ್

ಪ್ಯಾರಿಸ್ ನಗರದ ನಡುಭಾಗದಲ್ಲಿ ಸೇಂಟ್ ಮೆರಿ ಎಂಬ ಪುರಾತನ ಇಗರ್ಜಿಯ ಮಗ್ಗುಲಿಗೆ ಒಂದು ಚೌಕವಿದೆ. ಅಲ್ಲಿಯ ಕಾರಂಜಿಯಲ್ಲಿ ಬಣ್ಣಬಣ್ಣದ ಬೊಂಬೆಗಳು ನೀರೆರಚುತ್ತ ತಿರುಗುವುದನ್ನು ನೋಡಲು ಪ್ರವಾಸಿಗರು ನೆರೆಯುತ್ತಾರೆ. ತಮ್ಮ ಕಾಲಡಿಯ ನೆಲದೊಳಗೆ ಒಂದು ಸಂಗೀತಶಾಲೆಯಿದೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಾರದು. ಪಿಯೆರ್ ಬೂಲೇಜ್ ಎಂಬ ಪ್ರಖ್ಯಾತ ಸಂಗೀತಗಾರರು ಕಟ್ಟಿದ, 1977ರಲ್ಲಿ ಬಾಗಿಲು ತೆರೆದ ಆ ಸಂಸ್ಥೆಯ ಹೆಸರು ಇರ್ಕಾಮ್. ಹಾಡು ಕಟ್ಟುವವರೂ ಗಣಕಯಂತ್ರ ಬಲ್ಲವರೂ ಒಂದೇ ಸೂರಿನಡಿಯಲ್ಲಿ ಕುಳಿತು ಕೆಲಸ ಮಾಡಬೇಕೆಂಬುದು ಅದರ ಉದ್ದೇಶ. ಇಂಥ ಎರಡು ಜಾತಿಯ ಪಂಡಿತರು ಒಟ್ಟಿಗೆ ಕುಳಿತರೆ ಜಗಳವಾಗದಿರುವುದೇ ಹೆಚ್ಚು. ಆದರೆ ಅಲ್ಲಿ ಜಗಳಕ್ಕಿಂತ ದೊಡ್ಡದೊಂದು ಪ್ರಶ್ನೆ ಎದ್ದಿತು. ಲಿಸ್ಪ್ ಎಂಬ ಭಾಷೆಯನ್ನು ಮೇಜಿನ ಮೇಲಣ ಮ್ಯಾಕಿಂಟಾಷ್ ಯಂತ್ರದಲ್ಲಿ ಯಾವ ಮನೆಯಲ್ಲಿ ಇಳಿಸಬೇಕು ಎಂಬುದೇ ಆ ಪ್ರಶ್ನೆ.

ಭಾಷೆಗೆ ಮನೆಯೆ? ಎಂದು ವಾಚಕರು ಹುಬ್ಬೇರಿಸಬಹುದು. ಮೊದಲು ಭಾಷೆಯ ಕುಲಗೋತ್ರವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ. ಹೆತ್ತವರು ಜಾನ್ ಮೆಕಾರ್ಥಿ. ಅವರು ಅದನ್ನು ಒಂದು ಬಗೆಯ ಗಣಿತದ ಬರೆಹವಾಗಿ ಕಾಗದದ ಮೇಲೆ ಚಿತ್ರಿಸಿಕೊಂಡಿದ್ದರು. ಆ ಬರೆಹದ ಒಂದು ಮುಖ್ಯ ಸೂತ್ರವನ್ನು ಐ.ಬಿ.ಎಂ. 704 ಯಂತ್ರಕ್ಕೆ ಇಳಿಸಿದರೆ ಭಾಷೆ ತಾನಾಗಿ ನಡೆಯುವುದೆಂದು ಸ್ಟೀವ್ ರಸೆಲ್ ಎಂಬ ತರುಣರು ಹೇಳಿದಾಗ, ಅದು ಓದುವುದಕ್ಕಾಗಿ ಬರೆದದ್ದು, ಯಂತ್ರಕ್ಕಲ್ಲ, ಎಂದು ಮೆಕಾರ್ಥಿಯವರೇ ಒಪ್ಪಿರಲಿಲ್ಲ. ರಸೆಲ್ ಇಳಿಸಿಯೇ ಬಿಟ್ಟರು. ಕೂಸು ನಡೆಯಿತು. ಅಲ್ಲಿಂದೀಚೆಗೆ ಎಷ್ಟೋ ಭಾಷೆಗಳು ಹುಟ್ಟಿ ಮೆರೆದು ಮಣ್ಣಾಗಿವೆ. ಲಿಸ್ಪ್ ಮಾತ್ರ ಅರುವತ್ತು ದಾಟಿಯೂ ಗಟ್ಟಿಮುಟ್ಟಾಗಿದೆ.

ಅದರ ವ್ಯಾಕರಣ ಬಹು ಚಿಕ್ಕದು. ಎಲ್ಲವೂ ಆವರಣ ಚಿಹ್ನೆಗಳೊಳಗಿನ ಪಟ್ಟಿ. (+ 2 3) ಎಂದು ಬರೆದರೆ ಎರಡು ಮೂರನ್ನು ಕೂಡಿಸು ಎಂದರ್ಥ. ಒಡನೆ 5 ಎಂಬ ಉತ್ತರ ಬರುತ್ತದೆ. ಆವರಣಗಳ ಮೇಲೆ ಆವರಣ ಬಂದು ಬರೆಹದ ಕೊನೆಯಲ್ಲಿ ಏಳೆಂಟು ಬಾಲಗಳು ಸಾಲಾಗಿ ನಿಲ್ಲುವುದನ್ನು ಕಂಡು ಅಣಕಿಸುವವರು ಉಂಟು. ಆದರೆ ಅಣಕಿಸುವವರು ಗಮನಿಸದ ಒಂದು ಸೋಜಿಗವಿದೆ: ಯಂತ್ರಕ್ಕೆ ಕೊಡುವ ಆಜ್ಞೆಯೂ ಪಟ್ಟಿಯೇ, ಆ ಆಜ್ಞೆ ಕೆಲಸ ಮಾಡುವ ಸಾಮಗ್ರಿಯೂ ಪಟ್ಟಿಯೇ. ಆದ್ದರಿಂದ ಒಂದು ಪ್ರೋಗ್ರಾಮು ಮತ್ತೊಂದು ಪ್ರೋಗ್ರಾಮನ್ನು ಓದಬಲ್ಲುದು, ತಿದ್ದಬಲ್ಲುದು, ಹೊಸದಾಗಿ ಬರೆಯಲೂಬಲ್ಲುದು.

ಸಂಗೀತಗಾರರಿಗೆ ಈ ಗುಣ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇರ್ಕಾಮ್‌ನಲ್ಲಿ ಸ್ವರಗಳನ್ನು ಸಂಖ್ಯೆಯಿಂದ ಗುರುತಿಸುವ ರೂಢಿಯಿದೆ. ಪಿಯಾನೋದ ನಡುವಣ ಸ್ವರ 6000. ಮುಂದಿನ ಒಂದೊಂದು ಅರೆಸ್ವರಕ್ಕೂ ನೂರು ಹೆಚ್ಚು. (6000 6400 6700) ಎಂಬ ಪಟ್ಟಿ ನಮ್ಮ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ. ಪ್ರತಿಯೊಂದಕ್ಕೂ 700 ಕೂಡಿಸು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಮೂರೂ ಸ್ವರಗಳು ಒಟ್ಟಿಗೆ ಎದ್ದು ಪಂಚಮಕ್ಕೆ ಏರಿ ಕೂರುತ್ತವೆ. 6050 ಎಂದು ಬರೆದರೆ ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಅಡಗಿರುವ ಸ್ವರ. ಶ್ರುತಿಭೇದವನ್ನು ಬಲ್ಲ ನಮ್ಮವರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಮನೆಯ ಮಾತಿಗೆ ಬರಬಹುದು. ಅನೇಕ ಭಾಷೆಗಳಲ್ಲಿ ಪ್ರೋಗ್ರಾಮು ಬರೆಯುವುದೆಂದರೆ ಕಾಗದ ಬರೆದು ಅಂಚೆಗೆ ಹಾಕಿದಂತೆ. ಪೂರ್ತಿ ಬರೆದು, ಯಂತ್ರಭಾಷೆಗೆ ತಿರುಗಿಸಿ, ಓಡಿಸಿ, ತಪ್ಪು ಬಂದರೆ ನಿಲ್ಲಿಸಿ, ಮತ್ತೆ ಮೊದಲಿನಿಂದ. ಲಿಸ್ಪ್‌ನಲ್ಲಿ ಎದುರಿಗೆ ಕುಳಿತು ಮಾತಾಡಿದಂತೆ. ಒಂದು ಕಿಟಕಿಯಲ್ಲಿ ವಾಕ್ಯ ಬರೆದರೆ ಉತ್ತರ ಅಲ್ಲೇ ಬರುತ್ತದೆ. ಪ್ರೋಗ್ರಾಮು ಓಡುತ್ತಿರುವಾಗಲೇ ಅದರ ಒಂದು ಅಂಗವನ್ನು ಕಳಚಿ ಹೊಸದನ್ನು ಜೋಡಿಸಬಹುದು. ತಪ್ಪೊದಗಿದರೆ ಎಲ್ಲವೂ ಕುಸಿದು ಬೀಳುವುದಿಲ್ಲ, ಲಿಸ್ಪ್ ಇದ್ದಲ್ಲೇ ನಿಂತು, "ಹೀಗಾಗಿದೆ, ಈ ಬೆಲೆಯನ್ನು ಬದಲಿಸಲೆ, ಈ ಹೆಜ್ಜೆಯನ್ನು ಬಿಡಲೆ, ಹಿಂದಕ್ಕೆ ಹೋಗಲೆ?" ಎಂದು ಕೇಳುತ್ತದೆ. 1998ರ ಅಕ್ಟೋಬರಿನಲ್ಲಿ ಹಾರಿಬಿಟ್ಟ ಡೀಪ್ ಸ್ಪೇಸ್ 1 ಎಂಬ ಅಮೆರಿಕದ ಅಂತರಿಕ್ಷ ನೌಕೆಯಲ್ಲಿ, ನೌಕೆಯನ್ನು ತಾನೇ ನಡೆಸುವಂಥ ಒಂದು ಲಿಸ್ಪ್ ಪ್ರೋಗ್ರಾಮನ್ನು 1999ರ ಮೇ ತಿಂಗಳಲ್ಲಿ ಪರೀಕ್ಷಿಸಿದರು. ನಡುವೆ ಅದು ಸಿಕ್ಕಿಹಾಕಿಕೊಂಡಿತು. ಕೋಟ್ಯಂತರ ಮೈಲಿ ದೂರದಲ್ಲಿ ಓಡುತ್ತಿದ್ದ ಪ್ರೋಗ್ರಾಮಿನೊಡನೆ ಭೂಮಿಯಿಂದಲೇ ಮಾತಾಡಿ ದೋಷವನ್ನು ಪತ್ತೆ ಹಚ್ಚಿದರೆಂದರೆ, ಎದುರಿಗೆ ಕುಳಿತು ಮಾತಾಡಿದಂತೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಬರೆಯುವ ಹಲಗೆ, ಉತ್ತರ ಕೊಡುವ ಕಿಟಕಿ, ತಪ್ಪು ಹುಡುಕುವ ಸಾಧನ, ಯಂತ್ರಭಾಷೆಗೆ ತಿರುಗಿಸುವ ಕಂಪೈಲರು, ಇವೆಲ್ಲ ಒಂದೇ ಸಂಸಾರದಂತೆ ಕೂಡಿ ಬಾಳಬೇಕು. ಈ ಸಂಸಾರಕ್ಕೆ ಪರಿಸರ ಎಂದು ಹೆಸರು. ಭಾಷೆ ಒಂದೇ ಆದರೂ ಪರಿಸರಗಳು ಹಲವು. ಒಂದೊಂದನ್ನೂ ಕಟ್ಟಿದ ಒಡೆಯರು ಬೇರೆ ಬೇರೆ. ಬಳಸುವವನು ಬಾಡಿಗೆದಾರ.

ಮೊದಮೊದಲು ಲಿಸ್ಪ್‌ಗೆ ಅರಮನೆಗಳನ್ನೇ ಕಟ್ಟಿಸಿದರು. 1970ರ ದಶಕದಲ್ಲಿ ಎಂ.ಐ.ಟಿ.ಯಲ್ಲಿ ಲಿಸ್ಪ್‌ಗೆಂದೇ ಯಂತ್ರವನ್ನು ರೂಪಿಸಿದರು. ಅದನ್ನು ಮಾರಲು ಸಿಂಬಾಲಿಕ್ಸ್ ಮೊದಲಾದ ಕಂಪನಿಗಳು ಹುಟ್ಟಿಕೊಂಡವು. ಪರದೆಯ ತುಂಬ ಕಿಟಕಿಗಳು, ಮೌಸ್, ಮೂಲೆ ಮೂಲೆಯೂ ಲಿಸ್ಪ್‌ನಲ್ಲೇ ಬರೆದದ್ದು. ಬೆಲೆ ಹತ್ತಾರು ಸಾವಿರ ಡಾಲರ್. ಇಂದು ಅಂಗಡಿ ಮುಂಗಟ್ಟಿಗೆಲ್ಲ ಅಂಟಿಕೊಂಡಿರುವ 'ಡಾಟ್ ಕಾಮ್' ಎಂಬ ಬಾಲವನ್ನು ಲೋಕದಲ್ಲಿ ಮೊತ್ತಮೊದಲು, 1985ರ ಮಾರ್ಚಿ 15ರಂದು, ದಾಖಲು ಮಾಡಿಸಿಕೊಂಡದ್ದು ಈ ಸಿಂಬಾಲಿಕ್ಸ್ ಕಂಪನಿಯೇ. ಹೆಸರು ಉಳಿಯಿತು, ಅರಮನೆ ಉಳಿಯಲಿಲ್ಲ. ಸಾಮಾನ್ಯ ಯಂತ್ರಗಳು ಅಗ್ಗವೂ ಚುರುಕೂ ಆಗುತ್ತ ಬಂದಂತೆ ಲಿಸ್ಪ್ ಯಂತ್ರಗಳನ್ನು ಕೊಳ್ಳುವವರು ಇಲ್ಲವಾದರು. ಅಲ್ಲಿ ಬೆಳೆಸಿದ ಎಷ್ಟೋ ಕೃತಿಗಳು ಆ ಯಂತ್ರಗಳೊಡನೆಯೇ ಕೋಣೆಯ ಮೂಲೆ ಸೇರಿದವು.

ಅರಮನೆ ಬೀಳುತ್ತಿದ್ದ ಕಾಲಕ್ಕೇ ಬೀದಿಯಲ್ಲಿ ಚಿಕ್ಕ ಮನೆಗಳು ಏಳುತ್ತಿದ್ದವು. ಆಪಲ್ ಕಂಪನಿಯ ಮ್ಯಾಕಿಂಟಾಷ್ ಬಂದದ್ದು 1984ರಲ್ಲಿ. ಅದೇ ವರ್ಷ ಗೈ ಸ್ಟೀಲ್ ಅವರ ಗ್ರಂಥದ ಮೂಲಕ ಕಾಮನ್ ಲಿಸ್ಪ್ ಎಂಬ ಏಕರೂಪ ಭಾಷೆಯ ಲಕ್ಷಣ ಹೊರಬಿತ್ತು. ಅದುವರೆಗೆ ಊರಿಗೊಂದು ಉಪಭಾಷೆಯಾಗಿ ಚದುರಿದ್ದ ಲಿಸ್ಪ್‌ಗೆ ಅದೊಂದು ಗ್ರಾಂಥಿಕ ರೂಪವಾಯಿತು. 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆಯೂ ಬಿತ್ತು. ಈ ಎರಡನ್ನೂ ಕೂಡಿಸಿದ್ದು ಕೋರಲ್ ಎಂಬ ಸಣ್ಣ ಕಂಪನಿ. 1987ರಲ್ಲಿ ಅದು ಮ್ಯಾಕಿಂಟಾಷ್‌ಗೆ ಒಂದು ಕಾಮನ್ ಲಿಸ್ಪ್ ಪರಿಸರವನ್ನು ಮಾರುಕಟ್ಟೆಗೆ ತಂದಿತು. ಮ್ಯಾಕಿನ ಕಿಟಕಿ, ಪಟ್ಟಿ, ಗುಂಡಿಗಳನ್ನೆಲ್ಲ ಲಿಸ್ಪ್‌ನಿಂದ ನೇರವಾಗಿ ಆಡಿಸಬಹುದಾಗಿತ್ತು. ಬರೆಯುವ ಹಲಗೆಗೆ 'ಫ್ರೆಡ್' ಎಂದು ಹೆಸರು. 'ಫ್ರೆಡ್ ಬೇಕೆಂದೇ ಈಮ್ಯಾಕ್ಸನ್ನು ಹೋಲುತ್ತದೆ' ಎಂಬುದು ಆ ಹೆಸರಿನ ವಿಸ್ತಾರವಂತೆ. ಪ್ರೋಗ್ರಾಮು ಬರೆಯುವವರ ಹಾಸ್ಯ ಇಂಥದ್ದು! ಸ್ವಲ್ಪ ಕಾಲದಲ್ಲೇ ಆಪಲ್ ಕಂಪನಿಯೇ ಕೋರಲನ್ನು ಕೊಂಡುಕೊಂಡಿತು. ಪರಿಸರಕ್ಕೆ ಮ್ಯಾಕಿಂಟಾಷ್ ಕಾಮನ್ ಲಿಸ್ಪ್, ಚಿಕ್ಕದಾಗಿ ಎಂ.ಸಿ.ಎಲ್., ಎಂಬ ಹೆಸರು ನಿಂತಿತು.

ಇರ್ಕಾಮ್‌ನ ಸಂಗೀತಗಾರರು ಒಕ್ಕಲಾದದ್ದು ಈ ಮನೆಯಲ್ಲಿ. ಫಿನ್ಲೆಂಡಿನ ಮಿಕಾಯೆಲ್ ಲೌರ್ಸನ್ ಎಂಬವರು ಮೊದಲಿಟ್ಟ 'ಪ್ಯಾಚ್‌ವರ್ಕ್' ಅಲ್ಲಿ ಬೆಳೆಯಿತು. 1990ರ ದಶಕದ ಉತ್ತರಾರ್ಧದಲ್ಲಿ ಜೆರಾರ್ ಅಸಾಯಾಗ್, ಕಾರ್ಲೋಸ್ ಅಗೋನ್ ಮತ್ತು ಅವರ ಸಂಗಡಿಗರು ಅದರ ಮುಂದಿನ ಪೀಳಿಗೆಯಾಗಿ 'ಓಪನ್‌ಮ್ಯೂಸಿಕ್' ಅನ್ನು ಕಟ್ಟಿದರು. ಇದರ ಚಮತ್ಕಾರವನ್ನು ಸ್ವಲ್ಪ ವಿವರಿಸಬೇಕು. ಸಂಗೀತ ಕಟ್ಟುವವರೆಲ್ಲರೂ ಆವರಣ ಚಿಹ್ನೆಗಳನ್ನು ಎಣಿಸುತ್ತ ಕೂರಲಾರರು. ಅವರಿಗೆ ಪರದೆಯ ಮೇಲೆ ಪುಟ್ಟ ಪುಟ್ಟ ಪೆಟ್ಟಿಗೆಗಳು ಕಾಣುತ್ತವೆ. ಒಂದು ಪೆಟ್ಟಿಗೆಯಲ್ಲಿ ಸ್ವರಪಟ್ಟಿ, ಇನ್ನೊಂದರಲ್ಲಿ 'ಕೂಡಿಸು', ಮತ್ತೊಂದರಲ್ಲಿ 'ಹಿಂದುಮುಂದಾಗಿ ತಿರುಗಿಸು'. ಮೌಸಿನಿಂದ ಪೆಟ್ಟಿಗೆಗೂ ಪೆಟ್ಟಿಗೆಗೂ ತಂತಿ ಎಳೆದರೆ, ಕೊನೆಯ ಪೆಟ್ಟಿಗೆಯಲ್ಲಿ ಸ್ವರಲಿಪಿ ಅಚ್ಚಾಗಿ ಮೂಡುತ್ತದೆ. ಒಳಗೆ ಪ್ರತಿ ಪೆಟ್ಟಿಗೆಯೂ ಲಿಸ್ಪ್. ಪ್ರತಿ ತಂತಿಯೂ ಒಂದು ಆವರಣ. ಹೊರಗೆ ಮಾತ್ರ ರಂಗವಲ್ಲಿ. ತ್ರಿಸ್ತಾಂ ಮ್ಯುರಾಯ್, ಕಾಯಾ ಸಾರಿಯಾಹೊ, ಬ್ರಯನ್ ಫರ್ನಿಹೋ ಮುಂತಾದ ದೊಡ್ಡ ಹೆಸರಿನವರು ಈ ಸಾಧನಗಳನ್ನು ಕೈಗೆತ್ತಿಕೊಂಡರು.

ಅಲ್ಲಿ ಒಡ್ಡಿದ್ದ ಪಣ ಏನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕಛೇರಿ ಮುಗಿದ ಮೇಲೂ ಸ್ವರಲಿಪಿ ಕಾಗದದ ಮೇಲೆ ಉಳಿಯುತ್ತದೆ, ನಿಜ. ಆದರೆ ರಚನಕಾರನು ಏಕೆ ಈ ಸ್ವರವನ್ನೇ ಆರಿಸಿದ, ಯಾವ ಲೆಕ್ಕದಿಂದ ಲಯವನ್ನು ಹಿಗ್ಗಿಸಿದ, ಎಷ್ಟು ದಾರಿಗಳನ್ನು ತುಳಿದು ಬಿಟ್ಟ, ಅದೆಲ್ಲ ಇರುವುದು ಆ ಪೆಟ್ಟಿಗೆಗಳ ಜಾಲದಲ್ಲಿ. ಅದು ಅವನ ಚಿಂತನೆಯ ದಿನಚರಿ. ಮನೆಯೊಡೆಯ ಬೀಗ ಹಾಕಿಕೊಂಡು ಹೋದರೆ ದಿನಚರಿ ಒಳಗೇ ಉಳಿದುಹೋಗುತ್ತದೆ.

ಒಡೆಯರು ಬದಲಾಗುತ್ತಲೇ ಹೋದರು. ಆಪಲ್ ಕಂಪನಿಗೆ ಲಿಸ್ಪ್‌ನ ಮೇಲಣ ಅಕ್ಕರೆ ಬಹುಕಾಲ ಉಳಿಯಲಿಲ್ಲ. 1990ರ ದಶಕದ ನಡುವೆ ಎಂ.ಸಿ.ಎಲ್. ಡಿಜಿಟೂಲ್ ಎಂಬ ಚಿಕ್ಕ ಕಂಪನಿಯ ಕೈಗೆ ಬಂತು. ಅಷ್ಟರಲ್ಲಿ ನೆಲವೇ ಸರಿಯತೊಡಗಿತ್ತು. 1994ರಲ್ಲಿ ಮ್ಯಾಕಿನ ಒಳಗಣ ಚಿಪ್ಪು ಮೋಟೊರೋಲಾ 68000 ವಂಶದಿಂದ ಪವರ್‌ಪಿಸಿಗೆ ಬದಲಾಯಿತು. 2001ರಲ್ಲಿ ಕಾರ್ಯವ್ಯವಸ್ಥೆಯೇ ಬದಲಾಗಿ ಮ್ಯಾಕ್ ಓಎಸ್ ಟೆನ್ ಬಂತು. 2006ರಲ್ಲಿ ಮತ್ತೆ ಚಿಪ್ಪು ಬದಲು. ಈ ಸಾರಿ ಇಂಟೆಲ್.

ಚಿಪ್ಪು ಬದಲಾದರೆ ಲಿಸ್ಪ್ ಪರಿಸರಕ್ಕೆ ಆಗುವ ಸಂಕಟ ಬೇರೆಯವಕ್ಕಿಂತ ಹೆಚ್ಚು. ಕಂಪೈಲರು ಎಂಬುದು ಅಲ್ಲಿ ಬಂದುಹೋಗುವ ಅತಿಥಿಯಲ್ಲ. ಮನೆಯೊಳಗೇ ಇದ್ದು, ಬರೆದ ಒಂದೊಂದು ವಾಕ್ಯವನ್ನೂ ಆ ಕ್ಷಣವೇ ಚಿಪ್ಪಿನ ಸ್ವಂತ ಭಾಷೆಗೆ ತಿರುಗಿಸಿಕೊಡುವ ಗೃಹಿಣಿ. ಚಿಪ್ಪು ಬದಲಾದಾಗ ಆಕೆ ಹೊಸ ಭಾಷೆಯನ್ನು ಮೊದಲಿನಿಂದ ಕಲಿಯಬೇಕು. ಹಾಗೆ ಕಲಿಸುವುದು ಒಂದಿಬ್ಬರು ನುರಿತವರಿಗೆ ವರ್ಷಗಳ ಕೆಲಸ. ಪವರ್‌ಪಿಸಿಗೆ ಎಂ.ಸಿ.ಎಲ್. ಹೇಗೋ ಹೊಂದಿಕೊಂಡಿತು. ಇಂಟೆಲ್‌ಗೆ ಹೊಂದಿಕೊಳ್ಳಲಿಲ್ಲ. ಆಪಲ್ ಕಂಪನಿ ಒದಗಿಸಿದ್ದ ರೊಸೆಟ್ಟಾ ಎಂಬ ದುಭಾಷಿಯ ಸಹಾಯದಿಂದ ಹಳೆಯ ರೂಪವೇ ಹೊಸ ಯಂತ್ರದಲ್ಲಿ ಕುಂಟುತ್ತ ನಡೆಯಿತು. 2009ರಲ್ಲಿ ಅದರ ಮೂಲ ಬರೆಹವನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 2011ರಲ್ಲಿ ಬಂದ ಮ್ಯಾಕ್ ವ್ಯವಸ್ಥೆಯಿಂದ ಆ ದುಭಾಷಿಯನ್ನೇ ತೆಗೆದುಹಾಕಿದರು. ಅಲ್ಲಿಗೆ ಆ ಮನೆಯ ಕಥೆ ಮುಗಿಯಿತು.

ಇರ್ಕಾಮ್‌ನವರು ಅಷ್ಟು ಕಾಲ ಕೈಕಟ್ಟಿ ಕೂತಿರಲಿಲ್ಲ. ಸಹಸ್ರಮಾನದ ತಿರುವಿನಲ್ಲೇ ಬೇರೆ ಮನೆ ನೋಡತೊಡಗಿದ್ದರು. ನೋಡಿದವರಿಗೆ ಆಗ ಕಾಣುತ್ತಿದ್ದ ಮನೆಗಳು ಇಂದಿಗೂ ಸ್ವಲ್ಪ ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಒಂದು ಸುತ್ತು ಹಾಕಿಬರುವುದು ವ್ಯರ್ಥವಲ್ಲ.

ಎಂ.ಸಿ.ಎಲ್.ನದೇ ಕರುಳಕುಡಿಯೊಂದು ಓಪನ್‌ಎಂಸಿಎಲ್ ಎಂಬ ಹೆಸರಿನಲ್ಲಿ ಬೇರೆ ಸಂಸಾರ ಹೂಡಿತ್ತು. ಮುಂದೆ ಇದೇ ಕ್ಲೋಶರ್ ಸಿ.ಎಲ್. ಆಯಿತು. ಬಾಡಿಗೆಯಿಲ್ಲ, ಮೂಲ ಬರೆಹ ಎಲ್ಲರಿಗೂ ತೆರೆದದ್ದು, ಕಂಪೈಲರು ಚುರುಕು. ಆದರೆ ಗೋಡೆಗಳೆದ್ದಿದ್ದರೂ ಮ್ಯಾಕಿನ ಕಿಟಕಿಗಳ ಭಾಗ ಆಗಿನ್ನೂ ಬೆಳೆಯುತ್ತಿತ್ತು. ಪರದೆಯ ಮೇಲೆ ರಂಗವಲ್ಲಿ ಬಿಡಿಸಬೇಕಾದವರಿಗೆ ಅದೇ ಮುಖ್ಯ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬಳಿ 1984ರಲ್ಲಿ ಹುಟ್ಟಿದ ಫ್ರಾನ್ಜ್ ಕಂಪನಿಯ ಅಲ್ಲೆಗ್ರೊ ಎಂಬುದು ಹಳೆಯ, ಗಟ್ಟಿಯಾದ ಮನೆ. ಫ್ರಾನ್ಜ್ ಲಿಸ್ಟ್ ಎಂಬ ಪಿಯಾನೋ ವಿದ್ವಾಂಸರ ಹೆಸರನ್ನು ಲಿಸ್ಪ್‌ಗೆ ತಳುಕುಹಾಕಿದ ಚಾಟೂಕ್ತಿಯಿಂದ ಆ ಹೆಸರು ಬಂತು. ಅದರ ಚಿತ್ರಶಾಲೆ ವಿಂಡೋಸ್‌ನಲ್ಲಿ ಸೊಗಸು. ಮ್ಯಾಕಿನಲ್ಲಿ ಪರವೂರಿನ ಉಡುಪು ತೊಟ್ಟಂತೆ.

ಇನ್ನು ಎಸ್.ಬಿ.ಸಿ.ಎಲ್. ಇದರ ಪೂರ್ವಜ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಸ್ಪ್. ಕಾರ್ನೆಗಿ ಉಕ್ಕಿನ ಸಾಹುಕಾರ, ಮೆಲನ್ ಬ್ಯಾಂಕಿನ ಸಾಹುಕಾರ. ಆದ್ದರಿಂದ 1999ರಲ್ಲಿ ಬೇರೆಯಾದ ಮರಿಗೆ 'ಸ್ಟೀಲ್ ಬ್ಯಾಂಕ್' ಎಂದು ಹೆಸರಿಟ್ಟರು. ಕಾಸು ಕೊಡಬೇಕಿಲ್ಲ, ವೇಗದಲ್ಲಿ ಇದನ್ನು ಮೀರಿಸುವ ಲಿಸ್ಪ್‌ಗಳು ಬಹಳ ಕಡಿಮೆ. ಆದರೆ ತನ್ನದೆಂಬ ಕಿಟಕಿ ಇದಕ್ಕೆ ಒಂದೂ ಇಲ್ಲ! ಈಮ್ಯಾಕ್ಸ್ ಎಂಬ ಬರೆಹದ ಹಲಗೆಯನ್ನು ತಂದು, ನಡುವೆ ಸ್ಲೈಮ್ ಎಂಬ ಸೇತುವೆ ಕಟ್ಟಿ, ಆ ಮೂಲಕ ಮಾತಾಡಬೇಕು. ಪ್ರೋಗ್ರಾಮಿಗೆ ಗುಂಡಿ ಬೇಕೆ, ಪಟ್ಟಿ ಬೇಕೆ, ಪರರ ಪುಸ್ತಕಭಂಡಾರದಿಂದ ಎರವಲು ತರಬೇಕು.

ಉಳಿದದ್ದು ಲಿಸ್ಪ್‌ವರ್ಕ್ಸ್. ಇಂಗ್ಲೆಂಡಿನ ಹಾರ್ಲೆಕ್ವಿನ್ ಎಂಬ ಕಂಪನಿಯಲ್ಲಿ ಹುಟ್ಟಿ, ಒಡೆತನ ಒಂದೆರಡು ಬಾರಿ ಕೈಬದಲಾಗಿ, ಕೊನೆಗೆ 2005ರಲ್ಲಿ ತನ್ನ ಹೆಸರಿನದೇ ಕಂಪನಿಯಾಗಿ ನಿಂತದ್ದು. ಕಾಸು ಕೊಡಬೇಕು, ಮೂಲ ಬರೆಹ ಗುಟ್ಟು. ಆದರೆ ಇದರಲ್ಲಿ ಕಾಪಿ ಎಂಬ ಒಂದು ಸಾಧನವಿದೆ. ಲಿಸ್ಪ್‌ನಲ್ಲಿ 'ಇಲ್ಲೊಂದು ಕಿಟಕಿ, ಅದರೊಳಗೆ ಎರಡು ಗುಂಡಿ' ಎಂದು ಒಮ್ಮೆ ಬರೆದರೆ, ಅದೇ ಬರೆಹ ಮ್ಯಾಕಿನಲ್ಲಿ ಮ್ಯಾಕಿನ ಕಿಟಕಿಯಾಗಿಯೂ ವಿಂಡೋಸ್‌ನಲ್ಲಿ ವಿಂಡೋಸ್ ಕಿಟಕಿಯಾಗಿಯೂ ಲಿನಕ್ಸ್‌ನಲ್ಲಿ ಅಲ್ಲಿಯ ಕಿಟಕಿಯಾಗಿಯೂ ತೆರೆಯುತ್ತದೆ.

ಓಪನ್‌ಮ್ಯೂಸಿಕ್‌ನವರು ಮನೆ ಆರಿಸುವುದಕ್ಕಿಂತ ಮೊದಲು ಮಾಡಿದ ಕೆಲಸವೇ ಈ ಇಡೀ ವೃತ್ತಾಂತದಲ್ಲಿ ಹೆಚ್ಚು ಮೆಚ್ಚತಕ್ಕದ್ದು. ತಮ್ಮ ಬರೆಹದ ತುಂಬ ಸಂಗೀತವೂ ಮ್ಯಾಕಿನ ಕಿಟಕಿಯೂ ಹಾಲುನೀರಿನಂತೆ ಬೆರೆತುಹೋಗಿದ್ದುದನ್ನು ಕಂಡರು. ಸ್ವರವನ್ನು ಲೆಕ್ಕ ಹಾಕುವ ಸಾಲಿನ ಪಕ್ಕದಲ್ಲೇ ಗೆರೆ ಎಳೆಯುವ ಸಾಲು, ಅದು ಎಂ.ಸಿ.ಎಲ್.ಗಲ್ಲದೆ ಬೇರೆಯವರಿಗೆ ತಿಳಿಯದು. ಝಾನ್ ಬ್ರೆಸೋನ್ ಮತ್ತು ಹಿರಿಯ ಸಂಗಡಿಗರು ಕುಳಿತು ಎರಡನ್ನೂ ಬೇರ್ಪಡಿಸಿದರು. ನಡುವೆ ಒಂದು ತೆಳುವಾದ ಗೋಡೆ ಎಬ್ಬಿಸಿದರು. ಗೋಡೆಯ ಈಚೆ ಇರುವ ಸಂಗೀತದ ಭಾಗ 'ಒಂದು ಕಿಟಕಿ ತೆರೆ', 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ' ಎಂದಷ್ಟೇ ಕೇಳುತ್ತದೆ. ಆಚೆ ಇರುವುದು ಯಾವ ಪರಿಸರವೋ ಅದು ತನಗೆ ತಿಳಿದ ರೀತಿಯಲ್ಲಿ ಅದನ್ನು ನಡೆಸಿಕೊಡುತ್ತದೆ. ಓಪನ್‌ಮ್ಯೂಸಿಕ್‌ನ ಐದನೆಯ ಆವೃತ್ತಿ 2005ರ ಹೊತ್ತಿಗೆ ಈ ರೂಪದಲ್ಲಿ ಹೊರಬಂದು ಮ್ಯಾಕಿನಿಂದಾಚೆಗೂ ಕಾಲಿಟ್ಟಿತು. ಆರನೆಯ ಆವೃತ್ತಿಯಲ್ಲಿ ಲಿಸ್ಪ್‌ವರ್ಕ್ಸ್ ಮನೆಯನ್ನು ಹೊಕ್ಕು ಇಂಟೆಲ್ ಮ್ಯಾಕಿನಲ್ಲಿಯೂ ವಿಂಡೋಸ್‌ನಲ್ಲಿಯೂ ನಡೆಯತೊಡಗಿತು. ಪ್ಯಾಚ್‌ವರ್ಕ್‌ನ ಲೌರ್ಸನ್ ಅವರೂ ಫಿನ್ಲೆಂಡಿನಲ್ಲಿ ತಮ್ಮ ಹೊಸ ಕೃತಿಗೆ ಆರಿಸಿಕೊಂಡದ್ದು ಅದೇ ಲಿಸ್ಪ್‌ವರ್ಕ್ಸನ್ನು. ಒಂದೇ ಬೇರಿನ ಎರಡು ಕೊಂಬೆಗಳು ಬೇರೆ ಬೇರೆ ದೇಶದಲ್ಲಿ ಒಂದೇ ಕಡೆಗೆ ವಾಲಿದ್ದು ಕಾಕತಾಳೀಯವೆಂದು ತೋರುವುದಿಲ್ಲ. ಕಿಟಕಿಗಳ ವಿಚಾರದಲ್ಲಿ ಅದರಷ್ಟು ಸಿದ್ಧವಾಗಿದ್ದ ಮನೆ ಅಂದು ಮತ್ತೊಂದಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಓಪನ್‌ಮ್ಯೂಸಿಕ್ ಸ್ವತಂತ್ರ ತಂತ್ರಾಂಶ. ಮೂಲ ಬರೆಹ ಯಾರಿಗಾದರೂ ಸಿಗುತ್ತದೆ. ಸಿದ್ಧಗೊಳಿಸಿದ ರೂಪವನ್ನು ಇಳಿಸಿಕೊಂಡು ಬಳಸುವವನಿಗೆ ಖರ್ಚಿಲ್ಲ. ಆದರೆ ಮೂಲದಿಂದ ಹೊಸದಾಗಿ ಅದನ್ನು ಕಟ್ಟಿ ಹೊರತರಬೇಕೆನ್ನುವವನು ಲಿಸ್ಪ್‌ವರ್ಕ್ಸ್‌ನ ಪರವಾನಗಿ ಕೊಳ್ಳಬೇಕು. ಸ್ವಾತಂತ್ರ್ಯವನ್ನೇ ನೆಚ್ಚಿದವರಿಗೆ ಇದು ಕಸಿವಿಸಿ. ಹಾಗೆಂದು ಬಾಡಿಗೆಯಿಲ್ಲದ ಮನೆಯನ್ನೇ ಹಿಡಿದಿದ್ದರೆ ಕಿಟಕಿಗಳನ್ನು ತಾವೇ ಕೆತ್ತಬೇಕಾಗಿತ್ತು. ಸಂಗೀತ ಕಟ್ಟಲು ಬಂದವರು ಬಡಗಿಗಳಾಗಿ ಉಳಿಯುತ್ತಿದ್ದರು. ಕೈಲಿದ್ದ ಮಂದಿ ಬೆರಳೆಣಿಕೆಯಷ್ಟು. ಅವರ ಆಯ್ಕೆ ವಿವೇಕದ್ದೆಂದೇ ಹೇಳಬೇಕು.

ಸಂಗೀತಗಾರರ ಹಳೆಯ ದಿನಚರಿಗಳ ಗತಿ? ಇಲ್ಲಿ ಲಿಸ್ಪ್‌ನ ಹುಟ್ಟುಗುಣವೇ ಕೈಹಿಡಿಯಿತು. ಪೆಟ್ಟಿಗೆಗಳ ಜಾಲವನ್ನು ಓಪನ್‌ಮ್ಯೂಸಿಕ್ ಕಡತದಲ್ಲಿಡುವಾಗ ಚಿತ್ರವಾಗಿ ಇಡುವುದಿಲ್ಲ, ಯಂತ್ರದ ಗೂಢಲಿಪಿಯಾಗಿಯೂ ಇಡುವುದಿಲ್ಲ. ಆವರಣಗಳೊಳಗಿನ ಪಟ್ಟಿಯಾಗಿ, ಕಣ್ಣಿಗೆ ಓದಬರುವ ಲಿಸ್ಪ್ ವಾಕ್ಯವಾಗಿ ಇಡುತ್ತದೆ. ಮನೆ ಬದಲಾದರೂ ಹೊಸ ಮನೆ ಅದನ್ನು ಓದಿ ಮತ್ತೆ ಪೆಟ್ಟಿಗೆಗಳನ್ನು ಬಿಡಿಸಬಲ್ಲುದು. ಮುಂದೆ ಬ್ರೆಸೋನ್ ಅವರು ಓಎಂ-ಶಾರ್ಪ್ ಎಂಬ ಇನ್ನೊಂದು ರೂಪವನ್ನು ಕಟ್ಟಿದಾಗಲೂ ಹಿಂದಿನ ಜಾಲಗಳನ್ನು ತೆರೆಯುವ ದಾರಿಯನ್ನು ಇರಿಸಿದರು. ನೆಲವಂತೂ ಇನ್ನೊಮ್ಮೆ ಸರಿದಿತ್ತು. 2020ರ ನವೆಂಬರಿನಲ್ಲಿ ಆಪಲ್ ಕಂಪನಿ ಇಂಟೆಲ್ಲನ್ನು ಬಿಟ್ಟು ತನ್ನದೇ ಚಿಪ್ಪಿಗೆ ಹೊರಳಿತು. ಎಸ್.ಬಿ.ಸಿ.ಎಲ್.ನ ಸ್ವಯಂಸೇವಕರೂ ಲಿಸ್ಪ್‌ವರ್ಕ್ಸ್‌ನ ಸಂಬಳದ ಕೆಲಸಗಾರರೂ 2021ರೊಳಗೆ ಹೊಸ ಚಿಪ್ಪಿಗೆ ತಕ್ಕ ರೂಪವನ್ನು ಹೊರತಂದರು. ಕ್ಲೋಶರ್ ಹಿಂದುಳಿದು, ಇನ್ನೊಬ್ಬ ದುಭಾಷಿಯನ್ನು ನಂಬಿ ಕೆಲವು ವರ್ಷ ಕಾಯಬೇಕಾಯಿತು. ಬಾಡಿಗೆ ಪಡೆಯುವ ಒಡೆಯನೇ ಮನೆಯನ್ನು ಚೆನ್ನಾಗಿಟ್ಟಿರುತ್ತಾನೆ ಎಂದಾಗಲಿ, ಧರ್ಮಛತ್ರವೇ ಹೆಚ್ಚು ಕಾಲ ನಿಲ್ಲುತ್ತದೆ ಎಂದಾಗಲಿ ಸಾರಾಸಗಟಾಗಿ ಹೇಳುವಂತಿಲ್ಲ.

ಲಿಸ್ಪ್ ತಮ್ಮ ಮನೆಯಲ್ಲೇ ಇದ್ದರೂ ಅದನ್ನು ಹೆಸರು ಹಿಡಿದು ಕರೆಯದವರು ನಮ್ಮ ನಡುವೆ ಕೂಡ ಇದ್ದಾರೆ. ಕಟ್ಟಡಗಳ ನಕ್ಷೆ ಬರೆಯುವ ಆಟೋಕ್ಯಾಡ್‌ನೊಳಗೆ 1986ರಿಂದಲೂ ಆಟೋಲಿಸ್ಪ್ ಎಂಬ ಪುಟ್ಟ ಲಿಸ್ಪ್ ವಾಸವಾಗಿದೆ. ಇಂಜಿನಿಯರರು ನಿತ್ಯದ ಬೇಸರದ ಕೆಲಸಗಳನ್ನು ಅದಕ್ಕೆ ಒಪ್ಪಿಸಿ ಹಾಯಾಗಿರುತ್ತಾರೆ. ಅಲ್ಲಿಯೂ ಮನೆಯ ತಂಟೆ ತಪ್ಪಿಲ್ಲ: ವಿಂಡೋಸ್ ಆಟೋಕ್ಯಾಡ್‌ನಲ್ಲಿದ್ದ ವಿಶುವಲ್ ಲಿಸ್ಪ್ ಎಂಬ ಬರೆಹದ ಕೋಣೆ ಮ್ಯಾಕಿನ ಆಟೋಕ್ಯಾಡ್‌ಗೆ ಬರಲೇ ಇಲ್ಲ. 2021ರ ಆವೃತ್ತಿಯಿಂದ ಹೊರಗಿನ ಒಂದು ಬರೆಹದ ಹಲಗೆಯನ್ನು ಜೋಡಿಸಿಕೊಂಡು ಎರಡೂ ಕಡೆಯವರೂ ಸಮಾಧಾನ ಪಟ್ಟರು.

ಇಷ್ಟನ್ನು ಓದಿದ ಮೇಲೆ ಯಾರದಾದರೂ ಮನೆಯ ಹುಡುಗನೋ ಹುಡುಗಿಯೋ ತಾನೂ ಲಿಸ್ಪ್ ಕಲಿಯುವೆನೆಂದು ಹಟ ಹಿಡಿದರೆ,

ಮೊದಲು ಕೈಗೆ ಕೊಡಬೇಕಾದದ್ದು ಡಾಕ್ಟರ್ ರಾಕೆಟ್. ಇದು ಕಾಮನ್ ಲಿಸ್ಪ್ ಅಲ್ಲ, ಸ್ಕೀಮ್ ಎಂಬ ತಂಗಿಯ ಮನೆತನದ್ದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಮಕ್ಕಳಿಗೆ ಕಲಿಸುವುದಕ್ಕೆಂದೇ ಆರಂಭವಾಗಿ, 2010ರಲ್ಲಿ ಈ ಹೆಸರು ಪಡೆಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಮುಖ. ಮೇಲೆ ಬರೆಯುವ ಭಾಗ, ಕೆಳಗೆ ಉತ್ತರದ ಭಾಗ, ಬೇರೆ ಜಂಜಾಟವಿಲ್ಲ. ಮೊದಲ ತರಗತಿಯವರಿಗೆ ಭಾಷೆಯ ಸ್ವಲ್ಪ ಭಾಗವನ್ನಷ್ಟೇ ತೆರೆದಿಟ್ಟು, ಮುಂದೆ ಮುಂದೆ ಹೋದಂತೆ ಉಳಿದದ್ದನ್ನು ತೆರೆಯುವ ಏರ್ಪಾಡು ಬಹಳ ಜಾಣತನದ್ದು. ಎಸ್.ಬಿ.ಸಿ.ಎಲ್. ಮತ್ತು ಈಮ್ಯಾಕ್ಸ್ ಜೋಡಿಯನ್ನು ಮೊದಲ ದಿನವೇ ಕೊಟ್ಟರೆ ಲಿಸ್ಪ್ ಕಲಿಯುವ ಮೊದಲು ಈಮ್ಯಾಕ್ಸ್‌ನ ಕೀಲಿಗಳನ್ನು ಕಲಿಯುವುದರಲ್ಲೇ ತಿಂಗಳು ಕಳೆದೀತು. ಎರಡನೆಯ ವರ್ಷಕ್ಕೆ ಅದೇ ಸರಿ. ಎಲ್ಲವನ್ನೂ ಮೊದಲೇ ಜೋಡಿಸಿಟ್ಟ ಪೋರ್ಟಕಲ್ ಎಂಬ ಗಂಟೂ ಒಂದುಂಟು. ಲಿಸ್ಪ್‌ವರ್ಕ್ಸ್‌ನ ಉಚಿತ ರೂಪವನ್ನು ರುಚಿ ನೋಡಬಹುದು; ಐದು ಗಂಟೆ ಕಳೆದೊಡನೆ ಗಂಟೆ ಬಾರಿಸಿದ ಶಾಲೆಯಂತೆ ಬಾಗಿಲು ಹಾಕಿಕೊಳ್ಳುವುದೆಂಬುದನ್ನು ಮಾತ್ರ ಮರೆಯಬಾರದು.

ಯಾವ ಮನೆಗೆ ಕಾಲಿಟ್ಟರೂ ಕನ್ನಡಿಗರು ಮಾಡಿನೋಡಬೇಕಾದ ಒಂದು ಪರೀಕ್ಷೆಯಿದೆ. ಉತ್ತರದ ಕಿಟಕಿಯಲ್ಲಿ 'ಕನ್ನಡ' ಎಂದು ಬರೆದು ಇದರ ಉದ್ದವೆಷ್ಟು ಎಂದು ಕೇಳುವುದು. ಕಣ್ಣಿಗೆ ಮೂರೇ ಅಕ್ಷರ. ಲಿಸ್ಪ್ ಐದು ಎನ್ನುತ್ತದೆ. ಗಾಬರಿಪಡಬೇಕಿಲ್ಲ, ಕ, ನ, ವಿರಾಮ, ನ, ಡ ಎಂದು ಒತ್ತಕ್ಷರವನ್ನು ಬಿಡಿಸಿ ಎಣಿಸುವ ಯೂನಿಕೋಡ್ ಪದ್ಧತಿ ಅದು. ಉತ್ತರ ಹದಿನೈದು ಬಂದರೆ ಆ ಮನೆ ಅಕ್ಷರಗಳನ್ನು ಬಿಟ್ಟು ಅವುಗಳ ಒಳಗಣ ಬೈಟುಗಳನ್ನು ಎಣಿಸುತ್ತಿದೆ ಎಂದು ತಿಳಿಯಬೇಕು. ಅಂಥಲ್ಲಿ ಕನ್ನಡದ ಕೆಲಸ ಕಷ್ಟ. ಇನ್ನು, 'ನ್ನ' ಎಂಬುದು ಒತ್ತಾಗಿ ಸರಿಯಾಗಿ ಕೂತಿದೆಯೆ, ಒಡೆದು ಬಿದ್ದಿದೆಯೆ ಎಂದು ಕಣ್ಣಿಂದ ನೋಡಬೇಕು. ಅದು ಲಿಸ್ಪ್‌ನ ಗುಣವಲ್ಲ, ಕಿಟಕಿಯ ಗುಣ. ಈಮ್ಯಾಕ್ಸ್‌ನಲ್ಲಿ ಕನ್ನಡ ಬರೆಯುವ ವ್ಯವಸ್ಥೆ ಒಳಗೇ ಇದೆ; 2020ರಲ್ಲಿ ಬಂದ 27ನೆಯ ಆವೃತ್ತಿಯಿಂದ ಅಕ್ಷರ ಕೂಡಿಸುವ ಹೊಸ ಸಾಧನವೂ ಸೇರಿದೆ.

ಕಲಿಯುವವರಿಗೆ ಆರಂಭದಲ್ಲೇ ಹೇಳಿಕೊಡಬೇಕಾದ ಇನ್ನೊಂದು ಅಭ್ಯಾಸ ಚಿಕ್ಕದು. ಉತ್ತರದ ಕಿಟಕಿಯೊಡನೆ ಮಾತಾಡುತ್ತ ಮಾತಾಡುತ್ತ ಹತ್ತಾರು ಸೂತ್ರಗಳು ಸಿದ್ಧವಾಗುತ್ತವೆ. ಅವು ಜೀವಂತವಾಗಿ ಕೆಲಸ ಮಾಡುವುದನ್ನು ಕಂಡು ಎಲ್ಲವೂ ಭದ್ರವಾಗಿದೆಯೆಂಬ ಭ್ರಾಂತಿ ಹುಟ್ಟುತ್ತದೆ. ಯಂತ್ರವನ್ನು ಆರಿಸಿದ ಕೂಡಲೇ ಅವೆಲ್ಲ ಗಾಳಿ. ಆದ್ದರಿಂದ ಸೂತ್ರವೊಂದು ಸರಿಬಂದ ಕೂಡಲೇ ಅದನ್ನು ಎತ್ತಿ ಮೇಲಿನ ಬರೆಹದ ಭಾಗಕ್ಕೆ ಹಾಕಿ, ಸಾದಾ ಬರೆಹದ ಕಡತವಾಗಿ ಉಳಿಸಿ, ಆಮೇಲೆ ಊಟಕ್ಕೆ ಏಳಬೇಕು.